ಹುದುಗಿನ ಮಾತ್ರೆಯ ಮೇಡಂ

ಅರಸೀಕೆರೆಯಲ್ಲಿ ಅವರಿಗೆ ಎರಡು ಹೆಸರಿದ್ದವು. ಎರಡೂ ಅಪ್ಪ ಅಮ್ಮ ಇಟ್ಟದ್ದಲ್ಲ. ಶಾಲೆಯಲ್ಲಿ ‘ಇರಬಹುದು ಮೇಡಂ’. ನಿವೃತ್ತಿಯಾದ ಮೇಲೆ ಊರಿನಲ್ಲಿ ‘ಮಾತ್ರೆ ಮೇಡಂ’. ಮೊದಲನೆಯವರು ನನಗೆ ಅನುಮಾನ ಪಡುವುದನ್ನು ಕಲಿಸಿದರು. ಎರಡನೆಯವರ ಮೇಲೆ ನಾನು ಆ ಅನುಮಾನವನ್ನು ಪ್ರಯೋಗಿಸಿದೆ. ಕಳೆದ ತಿಂಗಳು ಇಬ್ಬರೂ ಒಟ್ಟಿಗೆ ತೀರಿಕೊಂಡರು; ಒಂದೇ ಬೆಳಿಗ್ಗೆ, ಒಂದೇ ಕುರ್ಚಿಯಲ್ಲಿ, ಕಾಫಿ ಕುಡಿದು ಲೋಟ ತೊಳೆದಿಟ್ಟ ಮೇಲೆ. ಹೃದಯ ನಿಂತಿತು ಎಂದರು. ಅಂದಿನಿಂದ ಈ ಇಬ್ಬರನ್ನು ಸೇರಿಸಿ ಒಬ್ಬರನ್ನಾಗಿ ಮಾಡಲು ನೋಡುತ್ತಿದ್ದೇನೆ. ಆಗುತ್ತಿಲ್ಲ.

ಹೈಸ್ಕೂಲಿನಲ್ಲಿ ಅವರು ನಮಗೆ ವಿಜ್ಞಾನ ಹೇಳಿಕೊಡುತ್ತಿದ್ದರು. ಕುಳ್ಳಗಿನ ಹೆಂಗಸು, ಬಿಗಿಯಾಗಿ ಹೆಣೆದ ಜಡೆ, ವರ್ಷಪೂರ್ತಿ ಹತ್ತಿ ಸೀರೆ. ಯಾವ ಪ್ರಶ್ನೆಗೂ ‘ಹೌದು’ ಎಂದವರಲ್ಲ. “ಮೇಡಂ, ನಾಳೆ ರಜಾನಾ?” “ಇರಬಹುದು.” “ಮೇಡಂ, ಭೂಮಿ ದುಂಡಗಿದೆ ಅಲ್ವಾ?” “ಇರಬಹುದು. ನೀನು ಹೇಗೆ ಕಂಡುಕೊಂಡೆ ಅದನ್ನ ಹೇಳು.” ಒಮ್ಮೆ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು, “ಎಲ್ಲಾ ಮಕ್ಕಳೂ ಬಂದವ್ರಾ ಮೇಡಂ?” ಎಂದರು. “ಇರಬಹುದು ಸಾರ್, ಇನ್ನೂ ಎಣಿಸಿಲ್ಲ.” ಹೆಡ್‌ಮಾಸ್ಟರು ಇವರನ್ನು ನೋಡಿದರು, ನಮ್ಮನ್ನು ನೋಡಿದರು, ಹೋದರು. ನಾವು ಬೆಂಚಿನ ಕೆಳಗೆ ಬಗ್ಗಿ ನಕ್ಕೆವು.

ಶನಿವಾರ ಮಧ್ಯಾಹ್ನ ಚರ್ಚಾಸ್ಪರ್ಧೆಗೆ ತಯಾರಿ. ಅವರದು ಒಂದೇ ನಿಯಮ. ಎದುರಾಳಿ ಹೇಳಿದ್ದನ್ನು ಮೊದಲು ನಾವು ಹೇಳಬೇಕು. ಅವಳು ‘ಹೂಂ, ನಾನು ಅಂದದ್ದು ಇದೇ’ ಎಂದು ತಲೆಯಾಡಿಸಬೇಕು. ಅಲ್ಲಿಯವರೆಗೆ ನಮಗೆ ಉತ್ತರ ಕೊಡುವ ಹಕ್ಕಿಲ್ಲ. ಎದುರಾಳಿಯ ಮಾತನ್ನು ಸ್ವಲ್ಪ ಸೊಟ್ಟ ಮಾಡಿ ಹೇಳಿದರೂ ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಲು ಶುರು ಮಾಡುತ್ತಿದ್ದರು. ಅದು ‘ಮತ್ತೆ ಹೇಳು’ ಎಂಬುದರ ಗುರುತು. ನನ್ನಿಂದಾಗಿ ಆ ಗಾಜು ಎಷ್ಟು ಸವೆದಿತ್ತೋ!

ಬೇಲೂರಿನಲ್ಲಿ ಒಂದು ಸ್ಪರ್ಧೆಯಲ್ಲಿ ಆ ನಿಯಮ ಹಿಡಿದೇ ಗೆದ್ದೆ. ಎದುರಿನ ಹುಡುಗಿಯ ಮಾತನ್ನು ನಾನು ಎಷ್ಟು ಚೆನ್ನಾಗಿ ಹೇಳಿದೆನೆಂದರೆ, ಅವಳು ತಲೆಯಾಡಿಸುತ್ತಾ ತನ್ನ ಮುಂದಿನ ಮಾತನ್ನೇ ಮರೆತಳು. ವಾಪಸ್ ಬರುವಾಗ ಬಸ್ಸಿನಲ್ಲಿ ಮೇಡಂ ಕೇಳಿದರು:

“ಅವಳಿಗಿಂತ ಚೆನ್ನಾಗಿ ಅವಳ ಮಾತು ಹೇಳಿದೆಯಲ್ಲ, ಆಗ ಒಂದು ಗಳಿಗೆಯಾದರೂ ಅವಳೇ ಸರಿ ಅನ್ನಿಸಲಿಲ್ವಾ ನಿನಗೆ?”

“ಇಲ್ಲ ಮೇಡಂ.”

“ಹಾಗಾದರೆ ನೀನು ಹೇಳಿದ್ದು ಬಾಯಿಪಾಠ ಕಣೆ.”

ಗೆದ್ದ ಕಪ್ಪು ನನ್ನ ತೊಡೆಯ ಮೇಲಿತ್ತು. ಇಳಿಯುವವರೆಗೂ ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ನಾನು ಮುಂದೆ ಕಾನೂನು ಓದಿದೆ, ಈಗ ಅರಸೀಕೆರೆ ಕೋರ್ಟಿನಲ್ಲಿ ಜೂನಿಯರ್ ವಕೀಲೆ. ನಮ್ಮ ಸೀನಿಯರು ನನ್ನ ವಾದ ಮೆಚ್ಚಿಕೊಂಡಾಗಲೆಲ್ಲ ಆ ಒಂದು ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಆಡುತ್ತದೆ.

ಇಂಥವರು ನಿವೃತ್ತರಾದ ಮೇಲೆ ರೋಗನಿರೋಧಕ ಶಕ್ತಿಗೆಂದು ಮಾತ್ರೆ ಮಾರಲು ಶುರು ಮಾಡಿದರು ಎಂದರೆ ಏನು ತಿಳಿಯಬೇಕು? ಕೊರೊನಾದಲ್ಲಿ ಅವರು ಹಾಸಿಗೆ ಹಿಡಿದು ಎದ್ದಿದ್ದರು. ಆಗ ಹಳೆಯ ವಿದ್ಯಾರ್ಥಿಯೊಬ್ಬ ತಾನು ಕೆಲಸ ಮಾಡುವ ಕಂಪನಿಯ ಮಾತ್ರೆ ತಂದುಕೊಟ್ಟನಂತೆ. ತಿಂದರು, ಚೇತರಿಸಿಕೊಂಡರು. ಆಮೇಲೆ ತಾವೇ ತರಿಸಿ, ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಅರಸೀಕೆರೆ, ಬೇಲೂರು, ಹಳೇಬೀಡು ಎಂದು ಬಸ್ಸಿನಲ್ಲಿ ತಿರುಗಲು ಹಿಡಿದರು. ನನ್ನ ಮಟ್ಟಿಗೆ ಅದು ಮನೆಯ ದೀಪವೇ ಹೋಗಿ ಕತ್ತಲೆಗೆ ಎಣ್ಣೆ ಮಾರಿದಂತೆ ಇತ್ತು.

ಅವರು ವಿವರಿಸುವ ರೀತಿ ಮಾತ್ರ ಹಳೆಯದೇ. ಯಾರದಾದರೂ ಜಗಲಿಯ ಮೇಲೆ ಕೂತು ಹೇಳುತ್ತಿದ್ದರು: “ಬನ್ನು ಉಬ್ಬಿಸೋ ಹುದುಗು, ಯೀಸ್ಟು ಅಂತಾರಲ್ಲ, ಗೊತ್ತಲ್ಲ? ಅದು ಕಣ್ಣಿಗೆ ಕಾಣದ ಒಂದು ಜೀವಿ. ಅದರ ಮೈಗೆ ಒಂದು ಗೋಡೆ ಇರುತ್ತೆ. ಆ ಗೋಡೆಯನ್ನ ಬಿಡಿಸಿ, ಒಣಗಿಸಿ, ಈ ಮಾತ್ರೆ ಮಾಡಿರೋದು. ನಮ್ಮ ಮೈಯಲ್ಲಿ ಕಾವಲುನಾಯಿ ಇದೆ ಅಂದುಕೊಳ್ಳಿ. ಕಳ್ಳ ಬರೋದೇ ಬೇಡ, ಅವನ ಅಂಗಿ ತೋರಿಸಿದ್ರೂ ನಾಯಿ ಎದ್ದು ಕೂರುತ್ತೆ. ಈ ಮಾತ್ರೆ ಆ ಅಂಗಿ.”

“ಹಂಗಾದ್ರೆ ಕಾಯಿಲೆ ಬರಕಿಲ್ವಾ ಮೇಡಂ?”

“ಬರದೆ ಇರಬಹುದು. ಬರಲೂಬಹುದು.”

ವ್ಯಾಪಾರ ಹೀಗೆ ಮಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಳೇಬೀಡಿನ ಹತ್ತಿರದ ಹುಲಿಕೆರೆಯಲ್ಲಿ ಒಬ್ಬ ಅಜ್ಜಿ ಅವರನ್ನು ನಿಲ್ಲಿಸಿಕೊಂಡು ವಿಚಾರಣೆ ಮಾಡಿದ್ದನ್ನು ಅವರೇ ನಗುತ್ತ ಹೇಳಿದ್ದರು. ಅಜ್ಜಿ ಸೋಮವಾರ ಒಪ್ಪೊತ್ತು ಮಾಡುವವರು, ಮೊಟ್ಟೆಯನ್ನೂ ಮುಟ್ಟದವರು.

“ಅದ್ರಾಗೆ ಜೀವ ಐತಾ ಇಲ್ವಾ, ಅದೇಳವ್ವ ಮೊದ್ಲು.”

“ಇತ್ತು ಅಜ್ಜಿ. ಈಗಿಲ್ಲ.”

“ಹಂಗಾರೆ ಕೊಂದ್ರಾ?”

“ಕೊಂದರು ಅನ್ನಬಹುದು.”

“ಅಯ್ಯೋ ಶಿವನೇ, ಮಾಂಸ!”

“ನೀವು ಬನ್ನು ತಿಂತೀರಲ್ಲ ಅಜ್ಜಿ, ಅದರಲ್ಲೂ ಇದೇ ಇರೋದು.”

“ಬನ್ನು ಬ್ಯಾರೆ ಕಣವ್ವ. ಅದು ಬೇಕ್ರೀದು.”

ಆ ವಾದಕ್ಕೆ ಸೋತು, ಒಂದು ಮಾತ್ರೆಯನ್ನೂ ಮಾರದೆ ಬಂದೆ ಎಂದರು. ಇನ್ನೊಮ್ಮೆ ಅರಸೀಕೆರೆ ಮಾರುಕಟ್ಟೆಯ ಕೊಬ್ಬರಿ ವ್ಯಾಪಾರಿಯೊಬ್ಬರು ಅವರನ್ನು ಕರೆದು ಮಾತ್ರೆ ಕೇಳಿದರು. ಇವರು ಎಂದಿನಂತೆ ಮೂರು ಪ್ರಶ್ನೆ ಹಾಕಿದರು: ಏನು ಕಾಯಿಲೆ ಇದೆ, ಏನು ಮಾತ್ರೆ ನುಂಗುತ್ತೀರಿ, ಡಾಕ್ಟರ ಚೀಟಿ ಎಲ್ಲಿ? ಚೀಟಿ ಓದಿ ಚೀಲದ ಬಾಯಿ ಕಟ್ಟಿದರು.

“ನಿಮಗೆ ಇದು ಬೇಡ. ನಿಮ್ಮ ಡಾಕ್ಟರನ್ನ ಕೇಳಿ ಆಮೇಲೆ ನೋಡೋಣ. ಸಂಜೆ ಸ್ಟೇಷನ್ ತನಕ ನಡೆದುಬನ್ನಿ.”

“ಏನ್ರೀ ಇದು! ಚೀಲದ್ ತುಂಬಾ ಮಾಲು ಇಟ್ಕಂಡು ಕೊಡಕಿಲ್ಲ ಅಂತೀರಲ್ರೀ?”

“ಕಾಯಿಲೆ ಇದ್ದೋರಿಗೆ ಕೊಡಲ್ಲ.”

“ಚೆನ್ನಾಗಿರೋರ್ಗೆ ಯಾಕ್ರೀ ಬೇಕು ಮತ್ತೆ ಮಾತ್ರೆ?”

ಆ ವ್ಯಾಪಾರಿ ಕೇಳಿದ್ದೇ ನನ್ನ ಪ್ರಶ್ನೆಯೂ ಆಗಿತ್ತು. ನಾನು ಅದನ್ನು ಬಸ್‌ಸ್ಟ್ಯಾಂಡಿನಲ್ಲಿ, ಜನರ ಮುಂದೆಯೇ ಕೇಳಿದೆ. ಕೆಲಸ ಮಾಡುತ್ತದೆ ಎಂದರೆ ಕಾಯಿಲೆಯವರಿಗೆ ಕೊಡಿ; ಮಾಡುವುದಿಲ್ಲ ಎಂದರೆ ಯಾರಿಗೂ ಕೊಡಬೇಡಿ; ಪುರಾವೆ ಎಲ್ಲಿ, ನೀವೇ ಅಲ್ಲವೇ ಪುರಾವೆ ಕೇಳು ಎಂದು ಕಲಿಸಿದ್ದು? ಅವರು ಪೂರ್ತಿ ಕೇಳಿಸಿಕೊಂಡರು.

“ಸರಿ. ಈಗ ನನ್ನ ಮಾತು ಏನು ಅಂತ ನೀನು ಹೇಳು. ನಾನು ತಲೆಯಾಡಿಸಿದ ಮೇಲೆ ಉತ್ತರ ಕೊಡು.”

“ನೀವು ಚೇತರಿಸಿಕೊಂಡಿರಿ, ಅದು ಮಾತ್ರೆಯಿಂದಲೇ ಅಂತ ನಂಬಿದ್ದೀರಿ.”

ಕನ್ನಡಕ ಕೈಗೆ ಬಂತು. “ಅಲ್ಲ. ಮತ್ತೆ ಹೇಳು.”

“ಕೆಲವು ಪ್ರಯೋಗಗಳಲ್ಲಿ ಸ್ವಲ್ಪ ಪ್ರಯೋಜನ ಕಂಡಿದೆ, ಕೆಲವದರಲ್ಲಿ ಕಂಡಿಲ್ಲ. ಅದಕ್ಕೇ ಗೊತ್ತಿಲ್ಲ ಅಂತ ಹೇಳಿಯೇ ಮಾರುತ್ತೀರಿ.”

“ಹತ್ತಿರ ಬಂದೆ. ಮತ್ತೆ ಹೇಳು.”

ನನಗೆ ರೇಗಿಹೋಯಿತು. “ಗೊತ್ತಿಲ್ಲದ್ದನ್ನು ಮಾರೋದು ಮೋಸ ಮೇಡಂ,” ಎಂದು ಬಿಟ್ಟೆ. ಪಕ್ಕದಲ್ಲಿ ಬಸ್ಸಿಗೆ ಕಾದಿದ್ದವರೆಲ್ಲ ತಿರುಗಿ ನೋಡಿದರು. ಅವರು ಕನ್ನಡಕ ಹಾಕಿಕೊಂಡು ಬೇಲೂರು ಬಸ್ಸು ಹತ್ತಿದರು. ಅವರ ಮಾತು ಕೊನೆಗೂ ಏನಾಗಿತ್ತು, ನನಗೆ ಹೇಳಲಾಗಲಿಲ್ಲ. ಈಗಲೂ ಅವರು ತಲೆಯಾಡಿಸುವಷ್ಟು ಚೆನ್ನಾಗಿ ಹೇಳಬಲ್ಲೆ ಎಂಬ ಧೈರ್ಯವಿಲ್ಲ.

ಇಷ್ಟಾದರೂ ಅವರು ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ. ನಮ್ಮದು ತೆಂಗು, ರಾಗಿ ಬೆಳೆಯುವ ಮನೆ. ಅಪ್ಪನಿಗೆ ಚೀಟಿಯಲ್ಲಿ ಬರೆಯುವಂಥ ಯಾವ ಕಾಯಿಲೆಯೂ ಇಲ್ಲ. ಹಾಗಾಗಿ ಮೂರೂ ಪ್ರಶ್ನೆಯಲ್ಲಿ ಪಾಸಾಗಿ ತಿಂಗಳಿಗೊಂದು ಸ್ಟ್ರಿಪ್ಪು ಪಡೆಯುತ್ತಿದ್ದರು. ಅಮ್ಮನಿಗೆ ಕೊಡಲಿಲ್ಲ. ಅಮ್ಮನಿಗೆ ಇರುವುದು ಒಂದೇ ಮೂತ್ರಪಿಂಡ. ಇನ್ನೊಂದನ್ನು ಕೆಲವು ವರ್ಷಗಳ ಹಿಂದೆ ಹಳೇಬೀಡಿನಲ್ಲಿರುವ ತನ್ನ ತಂಗಿಗೆ, ಅಂದರೆ ನನ್ನ ಚಿಕ್ಕಮ್ಮನಿಗೆ, ಕೊಟ್ಟಿದ್ದಾಳೆ. ಇದನ್ನು ಕೇಳಿದ ದಿನ ಮೇಡಂ ನನಗೆ ಬಿಡಿಸಿ ಹೇಳಿದ್ದರು: “ನಿಮ್ಮ ಚಿಕ್ಕಮ್ಮನ ಮೈಗೆ ನಿಮ್ಮಮ್ಮನ ಕಿಡ್ನಿ ನೆಂಟರಿದ್ದ ಹಾಗೆ. ನಾಯಿ ನೆಂಟರನ್ನ ಕಚ್ಚದೆ ಇರಲಿ ಅಂತ ಅದನ್ನ ದಿನಾ ಮಾತ್ರೆ ಕೊಟ್ಟು ಮಂಕು ಮಾಡಿರ್ತಾರೆ. ಅಂಥೋರ ಹತ್ತಿರ ನನ್ನ ಮಾತ್ರೆ ಸುಳಿಯಲೂಬಾರದು.” ನಾನು ಹೂಂ ಎಂದೆ. ಏನೂ ಮಾಡದ ಮಾತ್ರೆಯ ಬಗ್ಗೆ ಎಷ್ಟೊಂದು ಜಂಬ ಎಂದುಕೊಂಡೆ.

ಬಂದಾಗ ಅವರು ಜಗಲಿಯ ಮೇಲೆ ಕೂರುತ್ತಿದ್ದರು. ಕುರ್ಚಿ ಹಾಕುತ್ತಿದ್ದೆವು, ಕಾಫಿ ಕೊಡುತ್ತಿದ್ದೆವು. “ನನ್ ಮಗ್ಳಿಗೆ ಮಾತು ಕಲಿಸ್ದೋರು,” ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಆದರೆ ಹಬ್ಬದಲ್ಲಿ ಊರ ಹೆಂಗಸರನ್ನೆಲ್ಲ ಅರಿಶಿನ ಕುಂಕುಮಕ್ಕೆ ಒಳಗೆ ಕರೆಯುವಾಗ ಅವರನ್ನು ಕರೆದದ್ದಿಲ್ಲ. ಅವರದು ಬೌದ್ಧ ಮನೆತನ. ತಂದೆ ರೈಲ್ವೆಯಲ್ಲಿದ್ದಾಗಲೇ ಬುದ್ಧನ ಕಡೆಗೆ ಬಂದವರು. “ಅವ್ರಿಗೆ ಇವೆಲ್ಲ ಆಗಕಿಲ್ಲ ಕಣೆ, ಕರ್ದು ಯಾಕೆ ಮುಜುಗರ ಮಾಡೋದು?” ಎನ್ನುತ್ತಿದ್ದಳು ಅಮ್ಮ. ಬುದ್ಧನಿಗೂ ಮೊದಲು ಅವರು ಯಾವ ಕೇರಿಯವರಾಗಿದ್ದರು ಎಂಬುದೇ ಕಾರಣ ಎಂದು ಅಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮೊಬೈಲು ಶಾಪವೋ ವರವೋ ಎಂದು ಗಂಟೆಗಟ್ಟಲೆ ವಾದಿಸಿದ ನಾನು ಇದರ ಮೇಲೆ ಒಂದು ಸಲವೂ ಬಾಯಿ ತೆರೆದವಳಲ್ಲ.

ಗೌರಿ ಹಬ್ಬ ಬಂತು. ನಮ್ಮ ಕಡೆ ಮದುವೆಯಾದ ಹೆಣ್ಣುಮಗಳಿಗೆ ತವರಿನಿಂದ ಬಾಗಿನ ಹೋಗಬೇಕು: ಮೊರದಲ್ಲಿ ಬಳೆ, ಕುಪ್ಪಸದ ಬಟ್ಟೆ, ತೆಂಗಿನಕಾಯಿ, ಬೇಳೆ, ಬೆಲ್ಲ. ಅಜ್ಜಿ ಇಲ್ಲವಾದ ಮೇಲೆ ಚಿಕ್ಕಮ್ಮನಿಗೆ ಅಮ್ಮನೇ ತವರು. ಬಾಗಿನವನ್ನು ಬೇಡ ಎನ್ನುವಂತಿಲ್ಲ, ಅದರಲ್ಲಿ ಬಂದದ್ದನ್ನು ಎಸೆಯುವಂತಿಲ್ಲ. ಕೊರೊನಾ ಬಂದುಹೋದ ಮೇಲೆ ಒಂದು ಹೊಸ ಪದ್ಧತಿಯೂ ಸೇರಿತ್ತು. ತಾಂಬೂಲದಲ್ಲಿ, ಬಾಗಿನದಲ್ಲಿ ಆರೋಗ್ಯದ್ದೇನಾದರೂ ಇಡುವುದು. ಕೈಗೆ ಹಚ್ಚುವ ಔಷಧಿಯ ಸಣ್ಣ ಬಾಟಲಿ, ಕಷಾಯದ ಪುಡಿ, ಹೀಗೆ.

ಹಬ್ಬದ ಹಿಂದಿನ ದಿನ ನಾನೂ ಅಮ್ಮನೂ ನಡುಮನೆಯಲ್ಲಿ ಕೂತು ಮೊರ ತುಂಬುತ್ತಿದ್ದೆವು. ಅಪ್ಪ ಒಂದೆರಡು ನುಂಗಿ ನಿಲ್ಲಿಸಿದ್ದರಿಂದ ಗೂಡಿನಲ್ಲಿ ಮೇಡಂ ಕೊಟ್ಟ ಸ್ಟ್ರಿಪ್ಪುಗಳು ಹಾಗೇ ಬಿದ್ದಿದ್ದವು. ಅಮ್ಮ ಅವನ್ನು ಕೈಯಲ್ಲಿ ಹಿಡಿದು ಕೇಳಿದಳು:

“ಇವ್ನೂ ಇಡ್ಲೇನೇ? ಅವ್ಳಿಗೆ ಶಕ್ತಿ ಇಲ್ಲ, ಸುಸ್ತು ಸುಸ್ತು ಅಂತಾಳೆ.”

ನಾನು ಬಳೆ ಎಣಿಸುತ್ತಿದ್ದೆ. ತಲೆ ಎತ್ತದೆ ಹೇಳಿದೆ: “ಇಡಮ್ಮ. ಅದ್ರಲ್ಲಿ ಏನೂ ಇಲ್ಲ. ಒಳ್ಳೇದೂ ಆಗಲ್ಲ, ಕೆಟ್ಟದ್ದೂ ಆಗಲ್ಲ.”

ಅಮ್ಮನ ಕೈಯಿಂದ ತೆಗೆದುಕೊಂಡು ಕುಪ್ಪಸದ ಬಟ್ಟೆಯ ಮಡಿಕೆಯಲ್ಲಿ ಇಟ್ಟವಳೂ ನಾನೇ. ಆ ಮಾತ್ರೆಯಲ್ಲಿ ಶಕ್ತಿ ಇರಬಹುದು ಎಂದು ಎಣಿಸಿದ್ದ ಮೇಡಂ ಅದನ್ನು ಚಿಕ್ಕಮ್ಮನಿಂದ ದೂರವಿಟ್ಟಿದ್ದರು. ಏನೂ ಇಲ್ಲ ಎಂದು ಖಚಿತವಾಗಿ ಗೊತ್ತಿದ್ದ ನಾನು ಮೊರಕ್ಕೆ ಹಾಕಿ ಕಳಿಸಿದೆ.

ದೀಪಾವಳಿ ಕಳೆದು ಚಿಕ್ಕಮ್ಮನ ರಕ್ತಪರೀಕ್ಷೆಗೆ ಹಾಸನದ ಆಸ್ಪತ್ರೆಗೆ ಹೋದೆವು. ಮೂತ್ರಪಿಂಡ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ತೋರಿಸುವ ಸಂಖ್ಯೆ ಕೆಟ್ಟಿತ್ತು. ದೇಹ ಅದನ್ನು ಹೊರಗೆ ತಳ್ಳಲು ಶುರು ಮಾಡಿರಬಹುದು, ಮಲಗಿಸಿ ಚಿಕಿತ್ಸೆ ಕೊಡಬೇಕು ಎಂದರು ಡಾಕ್ಟರು. ಅಮ್ಮ ಸೊಂಟದ ಆ ಕಡೆಯನ್ನು, ತನ್ನ ಗಾಯದ ಗುರುತಿರುವ ಜಾಗವನ್ನು, ಸೀರೆಯ ಮೇಲಿಂದಲೇ ಹಿಡಿದುಕೊಂಡು ನಿಂತಳು.

“ನಾವು ಕೊಟ್ಟಿದ್ದಲ್ಲದೆ ಬೇರೆ ಏನಾದ್ರೂ ತಗೊಂಡ್ರಾ?” ಡಾಕ್ಟರು ಕೇಳಿದರು.

ಚಿಕ್ಕಮ್ಮ ಕೈಚೀಲದಿಂದ ಖಾಲಿಯಾದ ಸ್ಟ್ರಿಪ್ಪು ತೆಗೆದಳು. “ಇದೊಂದೇ ಸಾರ್. ತವ್ರಿನ್ ಬಾಗಿನದಾಗೆ ಬಂದಿತ್ತು. ಹೆಂಗೆ ಬ್ಯಾಡ ಅನ್ಲಿ?”

ಡಾಕ್ಟರು ಅದರ ಮೇಲೆ ಬರೆದದ್ದನ್ನು ಓದಿ ಮೇಜಿನ ಮೇಲಿಟ್ಟರು. “ನಾವು ಯಾವುದನ್ನ ತಗ್ಗಿಸೋಕೆ ಇಷ್ಟು ಒದ್ದಾಡ್ತಾ ಇದೀವೋ, ಇದು ಅದನ್ನ ಎಬ್ಬಿಸುತ್ತೆ ಅಂತ ಬರೆದಿದೆಯಲ್ಲಮ್ಮ!”

“ಇದರಿಂದಲೇ ಆಯ್ತಾ ಸಾರ್?” ನಾನು ಕೇಳಿದೆ.

“ಹೇಳೋಕಾಗಲ್ಲ. ಸಂಜೆ ಮಾತ್ರೆ ನಾಲ್ಕೈದು ಸಲ ಮರೆತಿದಾರೆ ಅಂತ ಅವರೇ ಹೇಳ್ತಿದಾರೆ, ಅದೂ ಇರಬಹುದು. ಮೊದಲು ಇದನ್ನ ನಿಲ್ಲಿಸಿ.”

ಕೋರ್ಟಿನಲ್ಲಾದರೆ ಇಷ್ಟು ಸಾಕು. ಎರಡು ಕಾರಣ, ಯಾವುದೂ ಸಾಬೀತಾಗಿಲ್ಲ, ಆರೋಪಿಗೆ ಸಂಶಯದ ಲಾಭ. ಆದರೆ ಈ ಸಲ ಆರೋಪಿ ಯಾರು?

ಚಿಕಿತ್ಸೆ ಮುಗಿದು ಚಿಕ್ಕಮ್ಮ ಮನೆಗೆ ಬಂದ ಮೇಲೆ ನಾನು ಮೇಡಂ ಹತ್ತಿರ ಹೋದೆ. ಎಲ್ಲವನ್ನೂ ಹೇಳಿದೆ, ಮೊರಕ್ಕೆ ಹಾಕಿದವಳು ನಾನೇ ಎಂಬುದನ್ನೂ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದರೆ ನನ್ನ ಉತ್ತರ ತಯಾರಿತ್ತು. ಅವರು “ಬಾಗಿನದಲ್ಲಿ ಇಡ್ತಾರಾ ಇದನ್ನ?” ಎಂದಷ್ಟೇ ಕೇಳಿದರು. ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಹಬ್ಬದ ದಿನ ಅವರನ್ನು ಒಳಗೆ ಕರೆದವರು ಯಾರಿದ್ದರು?

ಮಾರನೆಯ ದಿನ ಚಿಕ್ಕಮ್ಮನನ್ನು ನೋಡಲು ಮೇಡಂ ಮತ್ತು ನಾನು ಹಳೇಬೀಡಿಗೆ ಬಸ್ಸು ಹತ್ತಿದೆವು. ಅಮ್ಮ ಆಗಲೇ ತಂಗಿಯ ಮನೆಯಲ್ಲಿದ್ದಳು. ದಾರಿಯಲ್ಲಿ ಮೇಡಂ ಕೇಳಿದರು:

“ನೀನು ಏನೂ ಆಗಲ್ಲ ಅಂತ ಹಾಕಿದೆ. ನಾನು ಏನೋ ಆಗಬಹುದು ಅಂತ ಮಾರಿದೆ. ಇಬ್ಬರಲ್ಲಿ ಯಾರು ಸರಿ ಅಂತ ನೋಡೋಕೆ ಆ ಹೆಂಗಸಿನ ಕಿಡ್ನಿ ಬೇಕಾಯ್ತಾ ನಮಗೆ?”

“ಮೇಡಂ, ಮಾತ್ರೆಯಿಂದಲೇ ಆಯ್ತು ಅನ್ನೋಕೆ ಪುರಾವೆ...”

“ಅಲ್ಲಿ ನೀನು ಮಾತಾಡಬೇಡ. ನೀನು ಬಾಯಿ ತೆರೆದರೆ ವಾದ ಆಗುತ್ತೆ.”

ನಾನು ಒಪ್ಪಿದೆ. ಆಗ ನನ್ನ ಮೈಯೆಲ್ಲ ಹಗುರವಾಯಿತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಚಿಕ್ಕಮ್ಮ ನಡುಮನೆಯ ಮಂಚದ ಮೇಲೆ ಕೂತಿದ್ದಳು. “ಒಳೀಕೆ ಬರ್ರಿ ಮೇಡಂ,” ಎಂದಳು. ಕುರ್ಚಿ ಇದ್ದರೂ ಮೇಡಂ ಮಂಚದ ಪಕ್ಕ ನೆಲದ ಮೇಲೆ ಕೂತರು. ನಾನು ಬಾಗಿಲಿಗೆ ಒರಗಿ ನಿಂತೆ.

“ನಿಮ್ಮ ಮನೆ ಸೇರಿದ್ದು ನಾನು ಮಾರಿದ ಮಾತ್ರೆ. ಯಾರ ಕೈಯಿಂದ ಯಾರ ಕೈಗೆ ಹೋಗುತ್ತೆ ಅಂತ ನಾನು ನೋಡಬೇಕಿತ್ತು. ತಪ್ಪಾಯ್ತು.”

“ನೀವೇನ್ ಮಾಡೀರಿ ಬುಡಿ. ಬಾಗಿನದಾಗೆ ಬಂತು, ತಿಂದೆ.”

ಅಮ್ಮ ಗೋಡೆಯ ಕಡೆ ನೋಡಿಕೊಂಡೇ ಹೇಳಿದಳು: “ಓದ್ದೋರು ನೀವು. ನಿಮ್ಗೆ ಗೊತ್ತಿರ್ಬೇಕಿತ್ತು.”

“ಹೌದು,” ಎಂದರು ಮೇಡಂ.

ಅವರ ಬಾಯಲ್ಲಿ ಆ ಪದವನ್ನು ನಾನು ಕೇಳಿದ್ದು ಅದೊಂದೇ ಸಲ. ಕಾಲು ಗಂಟೆಯಾದ ಮೇಲೆ ಹೊರಟೆವು. ಬಸ್ಸಿಗೆ ಕಾಯುವಾಗ ಅವರ ಮೇಲೇ ಹರಿಹಾಯ್ದೆ. ಪುರಾವೆ ಇಲ್ಲದೆ ಯಾಕೆ ಒಪ್ಪಿಕೊಂಡಿರಿ, ಇದೇನಾ ನೀವು ಕಲಿಸಿದ್ದು? ನಾನು ಹಾಕಿದೆ ಎಂದು ಯಾಕೆ ಹೇಳಲಿಲ್ಲ? ಅವರು ರಸ್ತೆಯ ಕಡೆ ಬೆರಳು ತೋರಿಸಿ, “ಬಸ್ ಬಂತು ನೋಡು,” ಎಂದರು.

ಆಮೇಲೆ ನನಗೊಂದು ಕೆಟ್ಟ ಯೋಚನೆ ಬಂತು. ಮಾತ್ರೆ ಕೆಡುಕು ಮಾಡಿತು ಎಂದರೆ ಮಾತ್ರೆಗೆ ಶಕ್ತಿ ಇದೆ ಎಂದಾಯಿತು. ತಪ್ಪು ಒಪ್ಪಿಕೊಳ್ಳುವ ನೆಪದಲ್ಲಿ ಅವರು ಬಸ್‌ಸ್ಟ್ಯಾಂಡಿನ ವಾದವನ್ನು ಗೆದ್ದುಕೊಂಡರೇ? ಹೀಗೆ ಯೋಚಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದ ಮಾತ್ರಕ್ಕೆ ಅದು ಸುಳ್ಳು ಎಂದೂ ಆಗುವುದಿಲ್ಲ. ಅವರಿಗೆ ಹಮ್ಮು ಇತ್ತು. ಜ್ವರ ಬಂದವರು ‘ಡಾಕ್ಟರಮ್ಮ’ ಎಂದು ಕರೆದರೆ ತಿದ್ದುತ್ತಿರಲಿಲ್ಲ, ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅವರನ್ನು ದೇವರು ಮಾಡಿ ನಾನು ತಪ್ಪಿಸಿಕೊಳ್ಳಲಾರೆ.

ಅದರ ಮುಂದಿನ ವಾರದಿಂದ ಅವರು ಅದೇ ಬಟ್ಟೆಯ ಚೀಲ ಹಿಡಿದು, ಮಾರಿದ ಮನೆಗಳಿಗೆಲ್ಲ ಹೋಗಿ ಉಳಿದ ಮಾತ್ರೆಗಳನ್ನು ವಾಪಸ್ ಕೇಳತೊಡಗಿದರು. ಒಂದು ದಿನ ನಾನೂ ಜೊತೆಗಿದ್ದೆ.

“ಖಾಲಿ ಆದ್ವಲ್ಲ ಮೇಡಂ.”

“ನೀವೇ ತಿಂದ್ರಾ?”

“ಅಯ್ಯೋ, ಒಬ್ಳೇ ತಿನ್ನಾಕಾಯ್ತದಾ! ತಾಂಬೂಲಕ್ಕೆ ಇಟ್ಟೆ. ನೀವ್ ಒಳ್ಳೇದು ಅಂದ್ರಲ್ಲ?”

“ಒಳ್ಳೇದಿರಬಹುದು ಅಂದಿದ್ದೆ.”

“ಅದೇ ಅಲ್ವಾ ಮತ್ತೆ?”

ಮನೆ ಮನೆಯಲ್ಲೂ ಇದೇ ಉತ್ತರ. ಅವರು ಅಷ್ಟು ಜಾಗ್ರತೆಯಿಂದ, ಮೂರು ಪ್ರಶ್ನೆ ಹಾಕಿ ಕೊಟ್ಟ ಮಾತ್ರೆಗಳು ಎಲೆ ಅಡಿಕೆಯ ಜೊತೆ ಯಾರು ಯಾರ ಮನೆ ಸೇರಿದ್ದವೋ. ಕೊಟ್ಟ ತಾಂಬೂಲವನ್ನು ಮರಳಿ ಕೇಳುವುದು ಅಪಶಕುನ, ಅವರು ಕೇಳಿದರು. ಒಬ್ಬಾಕೆ ಮುಖದ ಮೇಲೆ ಬಾಗಿಲು ಹಾಕಿದಳು. ಮೇಡಂ ಮುಚ್ಚಿದ ಬಾಗಿಲಿಗೇ “ಕಿಡ್ನಿ, ಲಿವರ್ ಬದಲಾಯಿಸಿಕೊಂಡೋರು ಇದ್ದರೆ ಕೊಡಬೇಡಿ,” ಎಂದು ಪೂರ್ತಿ ಹೇಳಿ ಮುಂದಿನ ಮನೆಗೆ ನಡೆದರು. ಚೀಲ ತುಂಬಲೇ ಇಲ್ಲ. ಮಾರುವುದನ್ನು ಅಂದಿಗೇ ಬಿಟ್ಟರು.

ಚಿಕ್ಕಮ್ಮನ ಮೂತ್ರಪಿಂಡ ಉಳಿಯಿತು, ಮೊದಲಿನಷ್ಟು ಕೆಲಸ ಮಾಡುವುದಿಲ್ಲ. ಡಾಕ್ಟರು ಔಷಧಿಯನ್ನೂ ಹೆಚ್ಚಿಸಿದ್ದರು, ನಮ್ಮ ಮಾತ್ರೆಯನ್ನೂ ನಿಲ್ಲಿಸಿದ್ದರು. ಯಾವುದರಿಂದ ಉಳಿಯಿತು, ಯಾವುದರಿಂದ ಕೆಟ್ಟಿತ್ತು, ಹೇಳುವವರಿಲ್ಲ. ಅಮ್ಮನಿಗೆ ಮಾತ್ರ ಗೊಂದಲವಿರಲಿಲ್ಲ. ಬಂದವರಿಗೆಲ್ಲ, “ಆಯಮ್ಮನ ಮಾತ್ರೆಯಿಂದ ಆಗಿದ್ದು,” ಎನ್ನುತ್ತಿದ್ದಳು. ಮೇಡಂ ಸತ್ತ ಸುದ್ದಿ ಬಂದ ದಿನವೂ ಅಂದಳು. ಅಂದು ನಾನು ತಡೆದೆ.

“ಅಮ್ಮ, ಮೊರಕ್ಕೆ ಹಾಕಿದ್ದು ನಾನು.”

“ನಂಗೊತ್ತಿಲ್ವೇನೇ? ಪಕ್ದಾಗೇ ಕೂತಿದ್ನಲ್ಲ.”

“ಮತ್ತೆ ಅವರ ಮೇಲೆ ಯಾಕೆ ಹೇಳ್ತೀಯ?”

“ಇನ್ಯಾರ್ ಮ್ಯಾಲೆ ಹೇಳ್ಲಿ? ನಿನ್ ಮ್ಯಾಲೆ ಹೇಳ್ಲಾ? ನಾನೇ ಕೊಟ್ಟು ನಾನೇ ಕಿತ್ಕಂಡೆ ಅನ್ಲಾ?” ಅಮ್ಮನ ಕೈ ಸೊಂಟದ ಆ ಗುರುತಿಗೆ ಹೋಯಿತು. “ಹೊರಗ್ನೋರು ಒಬ್ರು ಇದ್ರು, ಹೇಳ್ದೆ.”

ಜೀವನದಲ್ಲಿ ಮೊದಲ ಸಲ ಅಮ್ಮನ ಮಾತನ್ನು ಅಮ್ಮನಿಗಿಂತ ಚೆನ್ನಾಗಿ ಹೇಳಬಲ್ಲೆ ಅನ್ನಿಸಿತು. ಒಂದು ಗಳಿಗೆ ಅವಳು ಸರಿ ಅಂತಲೂ ಅನ್ನಿಸಿಬಿಟ್ಟಿತು. ಅದಕ್ಕೇ ಅಲ್ಲಿ ನಿಲ್ಲಲಾಗದೆ ಹಳೇಬೀಡಿನ ಬಸ್ಸು ಹತ್ತಿದೆ.

ಚಿಕ್ಕಮ್ಮ ಹಿತ್ತಲಿನಲ್ಲಿ ರಾಗಿ ಕೇರುತ್ತಿದ್ದಳು. “ಏನೇ ಲಾಯರಮ್ಮ, ಇಷ್ಟೊತ್ನಾಗೆ?” ಎಂದಳು. ನಿಂತೇ ಹೇಳಿದೆ. ಅಮ್ಮ ಕೇಳಿದ್ದು, ನಾನು ‘ಇಡು’ ಎಂದದ್ದು, ಬಟ್ಟೆಯ ಮಡಿಕೆಯಲ್ಲಿ ಇಟ್ಟದ್ದು. ಚಿಕ್ಕಮ್ಮ ಮೊರವನ್ನು ಕೆಳಗಿಟ್ಟಳು. ನನ್ನನ್ನು ಬೈಯಲಿಲ್ಲ, ಹೋಗಲಿ ಬಿಡು ಎನ್ನಲೂ ಇಲ್ಲ.

“ಆಯಮ್ಮಂಗೆ ಗೊತ್ತಿತ್ತಾ, ನೀನು ಹಾಕಿದ್ದು ಅಂತ?”

“ಗೊತ್ತಿತ್ತು.”

“ಗೊತ್ತಿದ್ದೂ ಬಂದು ನನ್ ಮಂಚದ್ ಪಕ್ಕ ಹಂಗೆ ಕೂತ್ಕಂಡ್ಳಾ?”

“ಹೂಂ.”

ಚಿಕ್ಕಮ್ಮ ಕೈಗೆ ಅಂಟಿದ ಹೊಟ್ಟನ್ನು ಸೀರೆಗೆ ಒರೆಸಿಕೊಂಡಳು.

“ಆವತ್ತು ನಿಮ್ಮಮ್ಮ ಆಯಮ್ಮಂಗೆ ಒಂದ್ ಲೋಟ ನೀರೂ ಕೊಡ್ಲಿಲ್ಲ ಕಣೇ,” ಎಂದಳು. “ನಾನೂ ಕೊಡು ಅನ್ಲಿಲ್ಲ.”

ಆವತ್ತು ನಾನು ಒರಗಿ ನಿಂತಿದ್ದದ್ದು ಅಡುಗೆಮನೆಯ ಬಾಗಿಲಿಗೆ. ನೀರಿನ ಕೊಡ ನನ್ನ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು.